ಕಬ್ಬಿನಮಕ್ಕಿಯ ಸ್ಲೈಡುಗಳು

"ಜಟ್ಟಿಂಗಪ್ಪ, ಮುಂದೆ ಬಾ."

ಹೆಸರು ಕೇಳಿದ ಕೂಡಲೇ ಬೆಂಚಿನ ಕೊನೆಯಲ್ಲಿದ್ದ ತೆಳ್ಳಗಿನ ಯುವಕ ಎದ್ದೇನೋ ನಿಂತ. ಆದರೆ ಹೆಜ್ಜೆ ಮುಂದಿಡಲಿಲ್ಲ. ಪಕ್ಕದಲ್ಲಿದ್ದ ಗೋಪಾಲಪ್ಪ ಮೊಣಕೈಯಿಂದ ತಿವಿದು, "ಹೋಗಾ ಮಾರಾಯ, ಧಾರೆಗೆ ನಿಂತ ಗಂಡಿನಂಗೆ ನಾಚ್ಕಂತೀಯಲ," ಎಂದ. ಉಳಿದ ಇಬ್ಬರು ನಕ್ಕರು. ಮೇಜಿನ ಆಚೆ ನಿಂತಿದ್ದ ಇನ್ಸ್‌ಪೆಕ್ಟರ್ ಗಿರಿಯಪ್ಪನೂ ನಕ್ಕ. ಅವನ ಕೈಯಲ್ಲಿ ಹಿಂದಿನ ವಾರ ಸಾಗರದ ಪೇಟೆಯಲ್ಲಿ ಕೊಂಡಿದ್ದ ಕಪ್ಪು ಮಸಿಪೆನ್ನಿತ್ತು.

"ಈ ತಿಂಗಳೂ ಎಲ್ಲರಿಗಿಂತ ಹೆಚ್ಚು ಸ್ಲೈಡು ತಂದವನು ಇವನೇ. ನಮ್ಮ ಸೆಕ್ಷನ್ನಲ್ಲಿ ಮಾತ್ರ ಅಲ್ಲ, ಅಕ್ಕಪಕ್ಕದ ಸೆಕ್ಷನ್ನೂ ಸೇರಿಸಿ. ಅದೂ ಯಾವ ದಾರೀಲಿ ಹೋಗಿ? ನಾವು ನೀವು ಕಾಲಿಡೋಕೆ ಹೆದರೋ ದಾರೀಲಿ. ಇದು ಸರ್ಕಾರ ಕೊಡ್ತಿರೋದಲ್ಲ, ನಾನು ಕೊಡ್ತಿರೋದು. ತಗೋ."

ಜಟ್ಟಿಂಗಪ್ಪ ಬಲಗೈಯೊಂದನ್ನೇ ಚಾಚಿ ಪೆನ್ನು ತೆಗೆದುಕೊಂಡ. ಎಡಗೈ ಖಾಕಿ ಚಡ್ಡಿಯ ಜೇಬಿನಲ್ಲೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಣ್ಣು ತುಂಬಿಬಂದದ್ದನ್ನು ಗಿರಿಯಪ್ಪ ಗಮನಿಸಿದ, ಸಂತೋಷಕ್ಕೆ ಎಂದುಕೊಂಡ.

ಹೊಸನಗರದಿಂದ ನಿಟ್ಟೂರಿಗೆ ಹೋಗುವ ದಾರಿಯಲ್ಲಿ ಹಾಲುಗುಡ್ಡೆ ಎಂಬ ಸಣ್ಣ ಊರು. ಅಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಯೇ ಮಲೇರಿಯಾ ಸೆಕ್ಷನ್ನಿನ ಕಚೇರಿ. ಗಿರಿಯಪ್ಪನ ಕೈಕೆಳಗೆ ನಾಲ್ವರು ಕೆಲಸಗಾರರು. ಅವರ ಕೆಲಸ ನಡೆಯುವುದು. ಹದಿನೈದು ದಿನಕ್ಕೊಮ್ಮೆ ತಮ್ಮ ಪಾಲಿನ ಪ್ರತಿ ಮನೆಯ ಬಾಗಿಲಿಗೂ ಹೋಗಿ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಬೇಕು. ಬಂದಿದ್ದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ಬಳಿದು, ನಾಲ್ಕು ಮಾತ್ರೆ ನುಂಗಿಸಬೇಕು. ಬಾಗಿಲ ಹಿಂದಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಚೌಕದೊಳಗೆ ತಾರೀಖು ಹಾಕಿ ಸಹಿ ಮಾಡಿ ಮುಂದಿನ ಮನೆಗೆ ಹೋಗಬೇಕು. ಸ್ಲೈಡುಗಳು ಕಾಗದದಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ ಹೋಗುತ್ತವೆ. ಅಲ್ಲಿ ಯಾರೋ ಸೂಕ್ಷ್ಮದರ್ಶಕದಲ್ಲಿ ನೋಡಿ, ಮಲೇರಿಯಾ ಇದೆ ಅಥವಾ ಇಲ್ಲ ಎಂದು ಬರೆದು ಕಳಿಸುತ್ತಾರೆ.

ಗಿರಿಯಪ್ಪ ತೀರ್ಥಹಳ್ಳಿ ಕಡೆಯ ಒಕ್ಕಲು ಮನೆತನದವನು. ಎರಡೂವರೆ ವರ್ಷದ ಹಿಂದೆ ಅವನು ಬರುವವರೆಗೆ ಈ ಸೆಕ್ಷನ್ನಿಗೆ ಒಳ್ಳೆಯ ಹೆಸರಿರಲಿಲ್ಲ. ಮುಂಚೆ ಇದ್ದ ಇನ್ಸ್‌ಪೆಕ್ಟರು ಬಾಯಿ ತೆರೆದರೆ ಬೈಗುಳ. ಕೆಲಸಗಾರರನ್ನು ಬಿಸಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದರು. ಅವರೂ ಅಷ್ಟೇ, ಸಂತೆಯ ದಿನ ಮರದಡಿ ಕೂತು ಸಿಕ್ಕ ನಾಲ್ಕು ಜನರ ರಕ್ತ ತೆಗೆದು ಮನೆಗೆ ಹೋಗುತ್ತಿದ್ದರು. ಗಿರಿಯಪ್ಪನಿಗೆ ತನ್ನದೇ ಒಂದು ನಂಬಿಕೆಯಿತ್ತು. ಮನುಷ್ಯನನ್ನು ಮನುಷ್ಯನೆಂದು ಕಂಡರೆ ಅವನು ತನ್ನ ಕೆಲಸವನ್ನೂ ಕೆಲಸವೆಂದು ಕಾಣುತ್ತಾನೆ. ಬಂದ ತಿಂಗಳೇ ನಾಲ್ವರ ಮನೆಗೂ ಹೋಗಿ, ಕೊಟ್ಟದ್ದು ಉಂಡು ಬಂದ. ಗೋಪಾಲಪ್ಪನ ಹೆಂಡತಿಯ ಬೆನ್ನುನೋವಿಗೆ ಎಣ್ಣೆ ತಂದುಕೊಟ್ಟ. ಮೂರು ಸಲ ಪತ್ರ ಬರೆದು ಎಲ್ಲರಿಗೂ ಮಳೆಕೋಟು ತರಿಸಿದ. ಮಾಸಿಕ ಸಭೆಗೆ ಹೋಟೆಲಿನಿಂದ ಕಾಫಿ, ಗೋಳಿಬಜೆ ತರಿಸಿ, ಮೊದಲು ಅವರ ತೊಂದರೆ ಕೇಳಿ, ಆಮೇಲೆ ಅಂಕಿಅಂಶ ಕೇಳುತ್ತಿದ್ದ. ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿ, ಆ ತಿಂಗಳು ಚೆನ್ನಾಗಿ ಕೆಲಸ ಮಾಡಿದವನ ಹೆಸರನ್ನು ಅದರ ಮೇಲೆ ದುಂಡಗೆ ಬರೆಯುತ್ತಿದ್ದ. ವರ್ಷ ಕಳೆಯುವುದರಲ್ಲಿ, ಐವತ್ತು ದಾಟಿದ ಗೋಪಾಲಪ್ಪನೂ ಕೋಲು ಹಿಡಿದು ಗುಡ್ಡ ಹತ್ತತೊಡಗಿದ.

ಜಟ್ಟಿಂಗಪ್ಪ ಎಲ್ಲರಿಗಿಂತ ಕಿರಿಯ. ಅವನ ಊರು, ಅಪ್ಪನ ಗದ್ದೆ, ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಹೋಗಿದ್ದವು. ಹಿನ್ನೀರಿನ ಈಚೆ ದಡದ ಬೋಳುಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡು, ಹೆಂಡತಿ ಕನ್ನಮ್ಮನೊಂದಿಗೆ ಇದ್ದ. ನೌಕರಿ ಹಂಗಾಮಿ. ಮೊದಲ ಸಭೆಯಲ್ಲಿ ಅವನು ಬಾಯಿ ಬಿಟ್ಟಿರಲೇ ಇಲ್ಲ. ಗಿರಿಯಪ್ಪ ಅವನ ನೋಟುಬುಕ್ಕು ತಿರುವಿ, "ಅಕ್ಷರ ಎಷ್ಟು ಚೆನ್ನಾಗಿದೆ! ಇಂಥಾ ಬರವಣಿಗೆ ಇರೋನು ಕೆಲಸಾನೂ ಹೀಗೇ ಮಾಡ್ತಾನೆ, ನೋಡ್ತಾ ಇರಿ," ಎಂದಿದ್ದ. ಆ ಮಾತು ಕೇಳಿ ಜಟ್ಟಿಂಗಪ್ಪನ ಕಿವಿಯವರೆಗೂ ಕೆಂಪೇರಿತ್ತು. ಅಂದಿನಿಂದ ಅವನ ನಡಿಗೆಯೇ ಬದಲಾಯಿತು.

ಅವನ ಪಾಲಿಗೆ ಹನ್ನೆರಡು ಊರು. ಅಣೆಕಟ್ಟಿನ ನೀರು ಏರಿದಾಗ ಅವುಗಳಲ್ಲಿ ಮೂರು, ಕಬ್ಬಿನಮಕ್ಕಿ, ನಡುಹಿತ್ಲು ಮತ್ತು ಹೆರಬೆಟ್ಟು, ಆಚೆ ದಡದಲ್ಲಿ ಉಳಿದವು. ಮೂರು ಕಡೆ ನೀರು, ಹಿಂದೆ ಕಾಡು. ಅಲ್ಲಿದ್ದ ಒಂದೇ ದೋಣಿ ಮೊದಲ ವರ್ಷವೇ ನೀರಿನಡಿ ನಿಂತ ಸತ್ತ ಮರಕ್ಕೆ ತಾಗಿ ಸೀಳಿ, ಇಬ್ಬರು ಮುಳುಗಿದರು. ಆಮೇಲೆ ನೀರಿಗಿಳಿಯಲು ಯಾರಿಗೂ ಧೈರ್ಯವಾಗಲಿಲ್ಲ. ಕಾಡು ಬಳಸಿ ನಡೆದರೆ ಹೋಗುವುದಕ್ಕೆ ಎರಡು ದಿನ, ಬರುವುದಕ್ಕೆ ಎರಡು ದಿನ.

ಆ ವರ್ಷ ಸಭೆಯಲ್ಲಿ ತೊಂದರೆ ಕೇಳಿದಾಗ ಜಟ್ಟಿಂಗಪ್ಪ ಎದ್ದು ನಿಂತು, "ಸಾರ್, ಆಚೆ ದಡಕ್ಕೆ ಒಂದು ದೋಣಿ ಆಗ್ಬೇಕಿತ್ತು," ಎಂದಿದ್ದ. ಗಿರಿಯಪ್ಪ ಆ ದಿನವೇ ಬರೆದ. ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಬರೆದ. ದೋಣಿಗೆ ಅವಕಾಶವಿಲ್ಲ, ಇರುವ ಸಿಬ್ಬಂದಿಯನ್ನೇ ಹುರಿದುಂಬಿಸಿ ಕೆಲಸ ಮಾಡಿಸತಕ್ಕದ್ದು ಎಂದು ಒಂದು ಸಾಲಿನ ಉತ್ತರ ಬಂತು. ಅದನ್ನು ಓದಿ ಹೇಳಲು ಗಿರಿಯಪ್ಪನಿಗೆ ಮುಜುಗರವಾಯಿತು. ಎಲ್ಲರೆದುರು ಜಟ್ಟಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು, "ಆಗಲ್ಲ ಅಂತ ಬರೆದಿದ್ದಾರೆ. ಹೋಗ್ಲಿ ಬಿಡು. ನಿನ್ನ ಕೈಲಿ ಆಗದ್ದು ಇನ್ನು ಯಾರ ಕೈಲಾಗುತ್ತೆ ಜಟ್ಟಿಂಗಪ್ಪ? ಏನಾದ್ರೂ ಮಾಡ್ತೀಯ ನೀನು, ನಂಗೊತ್ತು," ಎಂದ. ಎಲ್ಲರೂ ಹೌದು ಹೌದು ಎಂದರು. ಜಟ್ಟಿಂಗಪ್ಪ ತಲೆ ತಗ್ಗಿಸಿ ನಕ್ಕ.

ಕೆಲವು ತಿಂಗಳಲ್ಲೇ ಮೂರೂ ಊರಿನ ಸ್ಲೈಡುಗಳು ತಪ್ಪದೆ ಬರತೊಡಗಿದವು. ಹೇಗೆ ದಾಟುತ್ತೀ ಎಂದು ಗಿರಿಯಪ್ಪ ಕೇಳಲಿಲ್ಲ. ಒಮ್ಮೆ ಕೇಳಬೇಕೆಂದುಕೊಂಡದ್ದುಂಟು. ಆದರೆ ಅಷ್ಟು ಕಷ್ಟಪಡುವವನನ್ನು ಹಾಗೆ ಕೇಳುವುದು ಅನುಮಾನಪಟ್ಟಂತೆ ಆದೀತು ಎನ್ನಿಸಿತು. ಹತ್ತರಲ್ಲಿ ಒಂದು ಮನೆಯನ್ನಾದರೂ ಇನ್ಸ್‌ಪೆಕ್ಟರು ತಾನೇ ಹೋಗಿ ನೋಡಬೇಕೆಂಬ ನಿಯಮವಿತ್ತು. ಗಿರಿಯಪ್ಪ ಸೈಕಲ್ಲು ಹೋಗುವಲ್ಲೆಲ್ಲ ಹೋಗಿ ನೋಡಿದ. ಆಚೆ ದಡವನ್ನು ನಂಬಿಕೆಯ ಮೇಲೆ ಬಿಟ್ಟ. ಹಲಗೆಯ ಮೇಲೆ ಜಟ್ಟಿಂಗಪ್ಪನ ಹೆಸರು ತಿಂಗಳ ಮೇಲೆ ತಿಂಗಳು ಅಳಿಸದೆ ಉಳಿಯಿತು. ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಅವನ ನೌಕರಿ ಖಾಯಂ ಮಾಡಬೇಕೆಂದು ಗಿರಿಯಪ್ಪ ಶಿಫಾರಸು ಬರೆದ.

ಮಸಿಪೆನ್ನು ಕೊಟ್ಟ ನಾಲ್ಕನೆಯ ದಿನ, ಮಧ್ಯಾಹ್ನದ ಹೊತ್ತಿಗೆ, ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಬಂದು ಕೂತ. ಇಪ್ಪತ್ತೈದರ ಆಸುಪಾಸಿನವನು. ಕಂಬಳಿ ಹೊದ್ದಿದ್ದ. ಮುಖ ಅರಿಸಿನ ಬಳಿದಂತೆ ಹಳದಿಯಾಗಿತ್ತು. ಗಿರಿಯಪ್ಪ ನೀರು ಕೊಟ್ಟ ಮೇಲೆ ಮಾತಾಡಿದ. ಹೆಸರು ಶ್ಯಾಮ. ಕಬ್ಬಿನಮಕ್ಕಿಯವನು.

"ಜರ ಬಿಡ್ತಾ ಇಲ್ಲ ಸ್ವಾಮಿ ನಮ್ಮಲ್ಲಿ. ನಡುಗಿಸ್ಕಂಡು ಬರ್ತದೆ, ಬೆವರಿ ಹೋಗ್ತದೆ, ಮತ್ತೆ ಬರ್ತದೆ. ಮನೆಮನೇಲಿ ಇಬ್ರು ಮೂರು ಜನ ಮಲಗ್ಯಾರೆ. ಮೂರ್ಜನ ಹೋದ್ರು. ಔಸ್ತಿ ಏನಾರ ಸಿಕ್ತದಾ ಅಂತ ಕಾಡು ಬಳಸಿ ಬಂದೆ. ಎರಡು ದಿನ ಆತು ಹೊರಟು."

"ನಮ್ಮ ಕೆಲಸದವನು ಬರ್ತಾನಲ್ಲ, ಅವನಿಗೆ ಹೇಳ್ಲಿಲ್ವಾ? ಮಾತ್ರೆ ಕೊಡ್ತಾನಲ್ಲ?"

ಶ್ಯಾಮ ಅವನ ಮುಖವನ್ನೇ ನೋಡಿದ. "ಯಾರು?"

"ಜಟ್ಟಿಂಗಪ್ಪ. ಹದಿನೈದು ದಿನಕ್ಕೊಂದ್ಸಲ ಬರ್ತಾನಲ್ಲ."

"ನೀರು ತುಂಬಿದ ಹೊಸ್ತರಲ್ಲಿ ಒಬ್ರು ಬಂದಿದ್ರು ಸ್ವಾಮಿ, ಎರಡ್ಮೂರು ಸಲ. ಆಮೇಲೆ ಯಾರೂ ಬರ್ಲಿಲ್ಲ. ಎರಡು ವರ್ಷ ಆತಲ."

ಗಿರಿಯಪ್ಪನಿಗೆ ಮೊದಲು ಬಂದದ್ದು ಕೋಪ, ಶ್ಯಾಮನ ಮೇಲೆ. ಜ್ವರದ ತಲೆ, ಏನೋ ಮರೆತಿದ್ದಾನೆ ಎನ್ನಿಸಿತು. ಒಳಗೆ ಹೋಗಿ ರಿಜಿಸ್ಟರು ತಂದ. "ನಿಮ್ಮ ಮನೆ ಹೆಸರು ಹೇಳು."

"ನಮ್ಮವ್ವ ಹುಲಿಯಮ್ಮ. ಅವ್ಳ ಹೆಸ್ರೇ ಬರ್ದಿದ್ರು ಗೋಡೆ ಮ್ಯಾಲೆ."

ಪುಟದಲ್ಲಿ ಆ ಮನೆ ಇತ್ತು. ದುಂಡನೆಯ, ಒಂದೂ ತಿದ್ದಿಲ್ಲದ ಅಕ್ಷರ. ಹುಲಿಯಮ್ಮ, ನಲವತ್ತೆಂಟು ವರ್ಷ. ಶ್ಯಾಮ, ಇಪ್ಪತ್ತನಾಲ್ಕು. ಪುಷ್ಪಮ್ಮ, ಹತ್ತೊಂಬತ್ತು.

"ನೋಡು, ಇಲ್ಲಿದೆ. ಹೋದ ತಿಂಗಳು ಹತ್ತೊಂಬತ್ತನೇ ತಾರೀಖು ಪುಷ್ಪಮ್ಮನ ರಕ್ತ ತೆಗ್ದಿದ್ದಾನೆ. ಶಿವಮೊಗ್ಗದಿಂದ ಉತ್ತರಾನೂ ಬಂದಿದೆ. ರೋಗ ಇಲ್ಲ ಅಂತ."

ಶ್ಯಾಮ ಕಂಬಳಿಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತ ಕೇಳಿದ: "ದೀಪಾವಳಿ ಯಾವಾಗ ಬಂತು ಸ್ವಾಮಿ, ನಿಮ್ಮ ಲೆಕ್ಕದಾಗೆ?"

"ನವೆಂಬರ್ ಹನ್ನೆರಡು."

"ಹಬ್ಬದ ಹಿಂದಿನ ದಿನ ಸುಟ್ವಿ ಅವ್ಳನ್ನ. ನನ್ನ ಹೆಣ್ತಿ."

ಗಿರಿಯಪ್ಪನ ಬೆರಳು ಆ ಸಾಲಿನ ಮೇಲೆಯೇ ಇತ್ತು.

ಶ್ಯಾಮನಿಗೆ ಮಾತ್ರೆ ನುಂಗಿಸಿ, ಹೋಟೆಲಿನಿಂದ ಗಂಜಿ ತರಿಸಿಕೊಟ್ಟು, ಕಚೇರಿಯಲ್ಲೇ ಮಲಗಿರಲು ಹೇಳಿ, ಗಿರಿಯಪ್ಪ ಸೈಕಲ್ಲು ಹತ್ತಿದ. ಬೋಳುಗುಡ್ಡದ ಕೆಳಗೆ ಸೈಕಲ್ಲು ಮಲಗಿಸಿ ಮೇಲೆ ನಡೆದ. ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದ, ಎಲ್ಲವೂ ಬೈಗುಳಗಳಾಗಿದ್ದವು.

ಜಟ್ಟಿಂಗಪ್ಪ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಇನ್ಸ್‌ಪೆಕ್ಟರನ್ನು ಕಂಡು ಎದ್ದ. ಮುಖ ನೋಡಿದವನಿಗೆ ಎಲ್ಲ ತಿಳಿದುಹೋಯಿತೇನೋ, ನಮಸ್ಕಾರವನ್ನೂ ಮಾಡಲಿಲ್ಲ.

"ಕೈ ತೋರ್ಸು," ಎಂದ ಗಿರಿಯಪ್ಪ.

ಜಟ್ಟಿಂಗಪ್ಪ ಬಲಗೈ ಮುಂದೆ ಮಾಡಿದ.

"ಎಡಗೈ."

ಎಡಗೈಯ ಐದೂ ಬೆರಳ ತುದಿ ಕಪ್ಪಾಗಿ ಗಟ್ಟಿಕಟ್ಟಿದ್ದವು. ಚುಚ್ಚಿದ ಗಾಯದ ಮೇಲೆ ಚುಚ್ಚಿದ ಗಾಯ. ಉಂಗುರದ ಬೆರಳು ಬಾತು ಉಗುರಿನ ಬುಡದಲ್ಲಿ ಕೀವಾಗಿತ್ತು. ಗಿರಿಯಪ್ಪ ಆ ಕೈಯನ್ನು ಹಿಡಿದುಕೊಂಡು ನಿಂತ.

"ಎಲ್ಲಾ ನಿಂದೇ ರಕ್ತವಾ?"

"ನಂದೂ ಕೊಟ್ಟೀನಿ," ಎಂದಳು ಕನ್ನಮ್ಮ, ಬಾಗಿಲಲ್ಲಿ ನಿಂತು. ಅವಳು ಕೈ ತೋರಿಸಲಿಲ್ಲ. "ಒಬ್ರದ್ದೇ ಆದ್ರೆ ಅಷ್ಟೆಲ್ಲ ಗಾಜಿಗೆ ಎಲ್ಲಿ ಸಾಕಾಗ್ತದೆ? ಹುಣಸೆಹಣ್ಣು ಕಿವುಚಕ್ಕೆ ಆಗಲ್ಲ ನಂಗೆ, ಉರೀತದೆ. ಬೇಡ ಅಂದೆ ಸಾರ್. ಸಾರ್ ಬೇಜಾರು ಮಾಡ್ಕಂತಾರೆ, ಇದೊಂದು ತಿಂಗ್ಳು ಅಂತಿದ್ರು. ಪ್ರತಿ ತಿಂಗ್ಳೂ ಇದೊಂದು ತಿಂಗ್ಳು."

"ಒಳಗೆ ಹೋಗೆ," ಎಂದ ಜಟ್ಟಿಂಗಪ್ಪ, ಮೆಲ್ಲಗೆ. ಅವಳು ಹೋಗಲಿಲ್ಲ.

ಗಿರಿಯಪ್ಪ ಜಗಲಿಯ ಮೇಲೆ ಕೂತ. ಎದುರಿಗೆ ಹಿನ್ನೀರು ಬಿಸಿಲಲ್ಲಿ ತಗಡಿನಂತೆ ಹೊಳೆಯುತ್ತಿತ್ತು. ನಡುನಡುವೆ ಎಲೆಯಿಲ್ಲದ ಮರಗಳ ತಲೆ. ಆಚೆ ಹಸುರು ಗುಡ್ಡ.

"ಅದೇ ಕಬ್ಬಿನಮಕ್ಕಿ," ಎಂದ ಜಟ್ಟಿಂಗಪ್ಪ. "ಇಲ್ಲೇ ಕಾಣ್ತದೆ. ದಿನಾ ಬೆಳಗಾದ್ರೆ ಕಾಣ್ತದೆ."

"ಮೂರು ಜನ ಸತ್ತಿದ್ದಾರೆ ಅಲ್ಲಿ."

ಜಟ್ಟಿಂಗಪ್ಪ ಬುಟ್ಟಿಯ ಪಕ್ಕ ಕೂತ. ಮೊಣಕಾಲು ತಾಗಿ, ಅರೆ ಹೆಣೆದ ಬುಟ್ಟಿಯ ಬಿದಿರು ಸೀಳುಗಳು ಒಂದೊಂದಾಗಿ ಬಿಚ್ಚಿಕೊಂಡು ಅಂಗಳದ ಮೇಲೆ ಬಿದ್ದವು.

"ನಂಗೆ ಒಂದು ಮಾತು ಹೇಳ್ಬೋದಿತ್ತಲ್ಲೋ," ಎಂದ ಗಿರಿಯಪ್ಪ. "ನಾನೇನು ಹೊಡೀತಿದ್ನಾ? ಬೈತಿದ್ನಾ? ಎಂದಾದ್ರೂ ಬೈದಿದ್ದೀನಾ ನಿಂಗೆ?"

"ಹೇಳಿದ್ದೆ ಸಾರ್."

"ಏನು?"

"ದೋಣಿ ಬೇಕು ಅಂತ. ಹೇಳಿದ್ದೆ." ಜಟ್ಟಿಂಗಪ್ಪ ನೆಲ ನೋಡುತ್ತ ಮಾತಾಡಿದ. "ಮೂರು ಸಲ ಕಾಡು ಬಳಸಿ ಹೋದೆ. ಹೋಗಿ ಬರದ್ರೊಳಗೆ ಐದು ದಿನ ಹೋಗದು. ಈಚೆ ಒಂಬತ್ತು ಊರು ಉಳಿಯದು. ಮತ್ತೊಂದ್ಸಲ ಹೇಳಣ ಅಂತಲೇ ಸಭೆಗೆ ಬಂದಿದ್ದೆ. ನೀವು ಎಲ್ಲರ ಎದುರಿಗೆ ಹೆಗಲ ಮ್ಯಾಲೆ ಕೈ ಇಟ್ರಿ. ನಿನ್ನ ಕೈಲಿ ಆಗದ್ದು ಯಾರ ಕೈಲಾಗ್ತದೆ ಅಂದ್ರಿ. ಹಿಂದಿನ ಇನ್ಸ್‌ಪೆಕ್ಟ್ರು ಆಗಿದ್ರೆ ಬೈತಿದ್ರು, ನಾನು ಆಗಲ್ಲ ಅಂತಿದ್ದೆ, ಮುಗೀತಿತ್ತು. ನಿಮ್ಗೆ ಹೆಂಗೆ ಹೇಳದು ಸಾರ್, ಆಗಲ್ಲ ಅಂತ?"

ಕನ್ನಮ್ಮ ಚೊಂಬಿನಲ್ಲಿ ನೀರು ತಂದಿಟ್ಟಳು. ಯಾರೂ ಅದನ್ನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ಮುಂದೆ ದಾರಿ ತೋರಿಸುತ್ತ ಶ್ಯಾಮ, ನಡುವೆ ಮಾತ್ರೆಯ ಡಬ್ಬ ಹೊತ್ತ ಜಟ್ಟಿಂಗಪ್ಪ, ಹಿಂದೆ ಗಿರಿಯಪ್ಪ. ಜ್ವರದಿಂದ ಎದ್ದ ಶ್ಯಾಮ ಹತ್ತು ಮಾರಿಗೊಮ್ಮೆ ನಿಲ್ಲುತ್ತಿದ್ದ. ದಾರಿಯೆಂಬುದು ಇರಲಿಲ್ಲ. ಹಳ್ಳ ಇಳಿದು, ಬಿದಿರುಮೆಳೆ ಸೀಳಿ, ಮತ್ತೆ ಗುಡ್ಡ ಹತ್ತಬೇಕು. ಎರಡನೆಯ ದಿನ ಸಂಜೆಗೆ ಮುಂಚೆ ಗಿರಿಯಪ್ಪ ಕಾಲು ಸೋತು ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಈ ದಾರಿಯನ್ನು ತಿಂಗಳಿಗೆ ಎರಡು ಸಲ ನಡೆಯಬೇಕೆಂದು ತಾನು ಒಬ್ಬನನ್ನು ಹೊಗಳಿ ಹೊಗಳಿ ಕಳಿಸುತ್ತಿದ್ದೆ ಎಂಬುದು ಅವನಿಗೆ ಆ ಕಲ್ಲಿನ ಮೇಲೆ ಕೂತಾಗ, ಮೊಣಕಾಲ ನೋವಿನ ಮೂಲಕ ತಿಳಿಯಿತು. ಜಟ್ಟಿಂಗಪ್ಪ ಸ್ವಲ್ಪ ದೂರದಲ್ಲಿ ನಿಂತು ಕಾಯುತ್ತಿದ್ದ. ಅವನು ಶ್ಯಾಮನೊಂದಿಗೆ ಎರಡು ದಿನದಲ್ಲಿ ಒಂದು ಮಾತೂ ಆಡಿರಲಿಲ್ಲ. ಎರಡು ವರ್ಷದ ಹಿಂದೆ ಕಂಡ ಮುಖ ಶ್ಯಾಮನಿಗೆ ನೆನಪಿರಲಿಲ್ಲ, ಇವನೇ ಅವನೆಂದು ಯಾರೂ ಹೇಳಿರಲೂ ಇಲ್ಲ.

ಕಬ್ಬಿನಮಕ್ಕಿಯಲ್ಲಿ ಒಂಬತ್ತು ಮನೆ. ಗದ್ದೆಗಳಲ್ಲಿ ಬತ್ತ ಹಣ್ಣಾಗಿ ಬಾಗಿ ನಿಂತಿತ್ತು. ಕೊಯ್ಯಲು ಏಳುವ ಶಕ್ತಿ ಯಾರಿಗೂ ಇರಲಿಲ್ಲ. ಹುಲಿಯಮ್ಮ ಹೊಸಿಲ ಬಳಿ ಕೂತಿದ್ದಳು. ಮಗನನ್ನು ಕಂಡು ಎದ್ದು, ಜೊತೆಯಲ್ಲಿ ಬಂದ ಇಬ್ಬರ ಖಾಕಿ ಬಟ್ಟೆ ನೋಡಿ, ಕಾಲಿಗೆ ನೀರು ತಂದಳು.

"ಬಂದ್ರಾ? ಅಂತೂ ಬಂದ್ರಲ. ಒಳಗೆ ಬನ್ನಿ. ಮನೇಲಿ ಎಂತದೂ ಇಲ್ಲ, ಬೆಲ್ಲ ಅದೆ."

ಜಟ್ಟಿಂಗಪ್ಪ ಅಂಗಳದಲ್ಲೇ ನಿಂತ. ಹುಲಿಯಮ್ಮ ಬೆಲ್ಲದ ಚೂರು ಹಿಡಿದು ಅವನ ಹತ್ತಿರವೇ ಹೋದಳು. "ತಗಳಪ್ಪ. ಎರಡು ದಿನ ನಡ್ದು ಬಂದೀಯ ನಮ್ಗಾಗಿ. ನಿನ್ನ ಹಡೆದವ್ಳ ಹೊಟ್ಟೆ ತಣ್ಣಗಿರ್ಲಿ."

ಅವನು ಬೆಲ್ಲ ತೆಗೆದುಕೊಂಡ. ಬಾಯಿಗೆ ಹಾಕಲಿಲ್ಲ. ಸೂಜಿ, ಸ್ಪಿರಿಟ್ಟು, ಹತ್ತಿ ತೆಗೆದು ಕೆಲಸಕ್ಕೆ ಕೂತ. ಮೊದಲ ಬೆರಳು ಹುಲಿಯಮ್ಮನದು. ಎರಡು ವರ್ಷ ತನ್ನ ಬೆರಳಿಗೆ ತಡೆಯಿಲ್ಲದೆ ಚುಚ್ಚಿದವನು ಈಗ ಎರಡು ಸಲ ಸೂಜಿ ತಾಗಿಸಿ ಹಿಂದಕ್ಕೆ ತೆಗೆದ. "ಚುಚ್ಚಪ್ಪ, ನೋವಾಗಲ್ಲ," ಎಂದು ಅವಳೇ ಧೈರ್ಯ ಹೇಳಿದಳು. ಮರುದಿನ ಸಂಜೆಯೊಳಗೆ ಒಂಬತ್ತು ಮನೆಯಲ್ಲಿ ಮೂವತ್ತೊಂದು ಸ್ಲೈಡಾಯಿತು. ಬಾಗಿಲ ಹಿಂದಿನ ಚೌಕದಲ್ಲಿ ಎರಡು ವರ್ಷದ ಹಿಂದಿನ ತಾರೀಖೇ ಕೊನೆಯದಾಗಿತ್ತು. ಅದರ ಕೆಳಗೆ ಜಟ್ಟಿಂಗಪ್ಪ ಅಂದಿನ ತಾರೀಖು ಹಾಕಿದ. ನಡುವಿನ ಸಾಲುಗಳನ್ನು ಖಾಲಿ ಬಿಟ್ಟ.

ರೋಗಿಗಳು ಹದಿನಾಲ್ಕು ದಿನ ಮಾತ್ರೆ ನುಂಗಬೇಕಿತ್ತು, ಅದೂ ಎದುರಿಗೆ ನಿಂತು ನುಂಗಿಸಬೇಕು. "ನಾನು ಇಲ್ಲೇ ಇರ್ತೀನಿ ಸಾರ್," ಎಂದ ಜಟ್ಟಿಂಗಪ್ಪ. "ಮೂರೂ ಊರು ಮುಗಿಸ್ಕಂಡೇ ಬರದು. ಕನ್ನಮ್ಮಂಗೆ ಹೇಳ್ಬಿಡಿ." ಗಿರಿಯಪ್ಪ ಎರಡು ದಿನ ಇದ್ದು, ಒಬ್ಬನೇ ಮರಳಿದ. ಸ್ಲೈಡುಗಳು ಅವನ ಚೀಲದಲ್ಲಿದ್ದವು.

ಕಚೇರಿಗೆ ಬಂದವನು ವರದಿ ಬರೆದ. ಎರಡು ಪುಟ. ಮೊದಲ ಪುಟದಲ್ಲಿ ಜಟ್ಟಿಂಗಪ್ಪ ಮಾಡಿದ್ದು. ಎರಡನೆಯ ಪುಟದಲ್ಲಿ ತಾನು ಮಾಡದೆ ಹೋದದ್ದು: ದೋಣಿ ಸಿಗದಿದ್ದಾಗ ಕೆಲಸ ಆಗದೆಂದು ಬರೆಯದೆ ಹೋದದ್ದು, ಎರಡು ವರ್ಷ ಆಚೆ ದಡಕ್ಕೆ ತಾನೇ ಹೋಗದೆ ಇದ್ದದ್ದು, ಹೋಗಿ ಪರೀಕ್ಷಿಸಿದ್ದೇನೆಂದು ಪ್ರತಿ ತಿಂಗಳೂ ಸಹಿ ಹಾಕಿದ್ದು.

ವಾರದೊಳಗೆ ಮೇಲಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ವಯಸ್ಸಾದವರು, ಮೃದುಮಾತಿನವರು. ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಎರಡನೇ ಪುಟ ಬೇಡ ಗಿರಿಯಪ್ಪ."

"ಅದು ನಿಜ ಸಾರ್."

"ನಿಜ ಇರಬಹುದು. ಆದ್ರೆ ಅದನ್ನ ಕಳಿಸಿದ್ರೆ ನೀವೂ ಹೋಗ್ತೀರಿ. ಆಗ ಈ ಸೆಕ್ಷನ್ನು ನೋಡೋರು ಯಾರು? ಇಲ್ಲಿ ಎಂಥಾ ಪರಿಸ್ಥಿತಿ ಇತ್ತು, ನೀವು ಬಂದು ಹೇಗೆ ಮಾಡಿದ್ರಿ, ನಂಗೊತ್ತಿಲ್ವಾ? ಜನರಿಂದ ಕೆಲಸ ತೆಗೆಯೋ ಕಲೆ ಎಲ್ಲರಿಗೂ ಬರಲ್ಲ." ಅವರು ಎದ್ದು ಬಂದು ಗಿರಿಯಪ್ಪನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥವರನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ."

ಆ ಕೈ ಬೆಚ್ಚಗಿತ್ತು. ಎರಡು ವಾರದಿಂದ ಸರಿಯಾಗಿ ನಿದ್ದೆಯಿಲ್ಲದ ಗಿರಿಯಪ್ಪನಿಗೆ, ಆ ಕೈಯ ಕೆಳಗೆ, ಎದೆಯಲ್ಲಿ ಏನೋ ಸಡಿಲವಾದಂತಾಯಿತು. ಬೇಡ ಎನ್ನಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಇಷ್ಟು ಒಳ್ಳೆಯ ಮಾತಾಡುವವರಿಗೆ ಹೇಗೆ ಹೇಳುವುದು? ಅವನು ಮೊದಲ ಪುಟದ ಕೆಳಗೆ ಸಹಿ ಹಾಕಿದ. ಎರಡನೆಯ ಪುಟವನ್ನು ಅವರು ನಾಲ್ಕಾಗಿ ಮಡಚಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು.

"ದೋಣಿ?" ಎಂದ ಗಿರಿಯಪ್ಪ, ಅವರು ಜೀಪು ಹತ್ತುವಾಗ.

"ನೋಡೋಣ. ಅಲ್ಲೀವರೆಗೆ ಹೊಸ ಹುಡುಗನ್ನ ಕೊಡ್ತೀವಲ್ಲ, ನೀವು ಅವನನ್ನ ಚೆನ್ನಾಗಿ ತಯಾರು ಮಾಡ್ತೀರಿ."

ಜಟ್ಟಿಂಗಪ್ಪನ ವಜಾ ಆದೇಶ ಡಿಸೆಂಬರ್ ಕೊನೆಯ ವಾರ ಅಂಚೆಯಲ್ಲಿ ಬಂತು. ಅದನ್ನು ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ಗೋಪಾಲಪ್ಪ ತಾನೇ ಕೊಟ್ಟುಬರುತ್ತೇನೆ ಎಂದ. "ಬೇಡ, ನಾನೇ ಹೋಗ್ತೀನಿ," ಎಂದ ಗಿರಿಯಪ್ಪ.

ಬೋಳುಗುಡ್ಡ ಹತ್ತುವಾಗ ಹೊತ್ತು ನೆತ್ತಿಗೆ ಬಂದಿತ್ತು. ಕನ್ನಮ್ಮ ಅಂಗಳದಲ್ಲಿ ಕೂಲಿಗೆ ಸಿಕ್ಕ ಬತ್ತ ಹರವುತ್ತಿದ್ದಳು. ಗಿರಿಯಪ್ಪನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಹಿಂದೆ ನೋಡಿದ್ದಕ್ಕಿಂತ ಅವಳ ಮುಖ ಗೆಲುವಾಗಿತ್ತು.

"ಅವ್ರು ಇನ್ನೂ ಬಂದಿಲ್ಲ ಸಾರ್. ಹೆರಬೆಟ್ಟಿನಲ್ಲಿ ಇನ್ನೊಂದು ಐದು ದಿನ ಅದೆಯಂತೆ. ಶ್ಯಾಮ ಅಂಬೋನು ಬಂದಿದ್ದ, ಹೇಳಿ ಹೋದ. ಒಬ್ರೂ ಸಾಯ್ಲಿಲ್ವಂತೆ ಆಮೇಲೆ. ಹುಲಿಯಮ್ಮ ಅಂತ ಒಬ್ಳು ದಿನಾ ಬುತ್ತಿ ಕಟ್ಟಿ ಕೊಡ್ತಾಳಂತೆ."

"ಹೂಂ," ಎಂದ ಗಿರಿಯಪ್ಪ. ಉದ್ದನೆಯ ಕಂದು ಲಕೋಟೆ ಅವನ ಕೈಯಲ್ಲಿತ್ತು. ಅವಳು ಅದನ್ನು ನೋಡಿದಳು.

"ಅವ್ರಿಗಾ?"

"ಹೌದು."

ಕನ್ನಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಓದು ಬಾರದವಳು ಮೇಲಿನ ಮೊಹರನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು: "ಖಾಯಂ ಆದ ಕಾಗ್ದವಾ ಸಾರ್?"

ಗಿರಿಯಪ್ಪ ಹರವಿದ ಬತ್ತದ ಕಡೆ ನೋಡಿದ. ಅವಳು ಕಾಯುತ್ತಿದ್ದಳು. "ಅವನು ಬಂದ್ಮೇಲೆ ಓದ್ತಾನೆ," ಎಂದ ಅವನು. "ಅವನ ಕೈಗೇ ಕೊಡು."

"ಕೊಡ್ತೀನಿ, ಕೊಡ್ತೀನಿ," ಎಂದು ಅವಳು ಲಕೋಟೆಯನ್ನು ಮಡಚದೆ, ಬೆವರು ತಾಗದಂತೆ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ನೀರಿನ ಕಡೆ ತಿರುಗಿ, "ಅಗಾ, ಅಲ್ನೋಡಿ ಸಾರ್!" ಎಂದಳು.

ಆಚೆ ದಡದ ಹಸುರಿನ ನಡುವಿನಿಂದ ಒಂದು ಎಳೆ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

"ಅವ್ರದ್ದೇ ಹೊಗೆ, ಶ್ಯಾಮನ ಹತ್ರ ಹೇಳಿ ಕಳ್ಸಿದ್ರು. ಉಂಡಾಯ್ತು, ಚೆನ್ನಾಗಿದೀನಿ ಅಂತ ಅರ್ಥ. ದಿನಾ ಈ ಹೊತ್ತಿಗೆ ಹಾಕ್ತಾರೆ. ತಡೀರಿ, ನಾನೂ ಹಾಕ್ಬೇಕು. ಇಲ್ದಿದ್ರೆ ಅಲ್ಲೇ ಕಾಯ್ತಾ ಕೂತ್ಕಂತಾರೆ."

ಅವಳು ಒಲೆಯಿಂದ ಕೆಂಡ ತಂದು, ಅಂಗಳದ ಅಂಚಿನಲ್ಲಿ ಒಣಹುಲ್ಲಿಗೆ ಹಾಕಿ ಊದಿ, ಮೇಲೆ ಒಂದು ಹಿಡಿ ಹಸಿ ಮತ್ತಿಸೊಪ್ಪು ಒತ್ತಿದಳು. ಬಿಳಿಯ ದಟ್ಟ ಹೊಗೆ ಎದ್ದು ಮೊದಲು ಗಿರಿಯಪ್ಪನ ಕಡೆ ಬಾಗಿತು. ಆಮೇಲೆ ಗಾಳಿ ತಿರುಗಿ, ನೀರಿನ ಮೇಲೆ ಹೊರಟಿತು. ಕನ್ನಮ್ಮ ಹಣೆಗೆ ಕೈ ಅಡ್ಡ ಹಿಡಿದು ಆಚೆಗೆ ನೋಡುತ್ತ ನಿಂತಳು.